ಹತ್ತು ನಿಮಿಷದ ಗಡುವು

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ರೀಸ್ಟಾರ್ಟಮ್ಮ ಎನ್ನುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ರಕ್ತಪರೀಕ್ಷೆಯ ರಿಪೋರ್ಟು ಬರುತ್ತಿಲ್ಲ ಎಂದು ಫೋನ್ ಮಾಡಿದರೆ, "ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡಿ" ಎನ್ನುತ್ತಿದ್ದಳು. ಔಷಧಿ ಕೌಂಟರಿನವರಿಗೂ ಅದೇ ಮಾತು, ಎಕ್ಸ್‌ರೇ ಕೋಣೆಯವರಿಗೂ ಅದೇ ಮಾತು. ಒಮ್ಮೆ ಲಿಫ್ಟು ಕೆಟ್ಟು ನಿಂತಾಗ ಯಾರೋ ತಮಾಷೆಗೆ ಅವಳಿಗೇ ಫೋನ್ ಮಾಡಿದರು. ತಲೆಬಿಸಿಯಲ್ಲಿದ್ದವಳು, "ರೀಸ್ಟಾರ್ಟ್ ಮಾಡಿದ್ರಾ?" ಎಂದೇ ಕೇಳಿಬಿಟ್ಟಳು. ಅವತ್ತಿನಿಂದ ಆ ಹೆಸರು ಅಂಟಿಕೊಂಡಿತು. ನಗುವವರು ನಕ್ಕರು. ಮೂರು ಮಹಡಿಯ ಆಸ್ಪತ್ರೆಯ ಅಷ್ಟೂ ಕಂಪ್ಯೂಟರುಗಳಿಗೆ ಅವಳೊಬ್ಬಳೇ ದಿಕ್ಕು ಎಂಬುದು ಮಾತ್ರ ಯಾರ ತಲೆಗೂ ಹತ್ತಲಿಲ್ಲ.

ಅವಳಿಗಿದ್ದದ್ದು ಒಬ್ಬಳೇ ಅಕ್ಕ. ತಾಯಿ ಹೋದಾಗ ಇವಳಿಗೆ ಆರು, ಅಕ್ಕನಿಗೆ ಹತ್ತೊಂಬತ್ತು. ಜಡೆ ಹಾಕಿ ಸ್ಕೂಲಿಗೆ ಕಳಿಸಿದವಳು ಅಕ್ಕ, ಕಾಲೇಜಿಗೆ ಸೇರಿಸಿದವಳು ಅಕ್ಕ, ಕೆಲಸದ ಮೊದಲ ದಿನ ಹಾಕಿಕೊಂಡು ಹೋದ ಅಂಗಿಯನ್ನು ಹೊಲಿದವಳೂ ಅಕ್ಕನೇ. ಅಕ್ಕ ಟೈಲರ್. ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ, ಕಿಟಕಿಗೆ ಒರಗಿಸಿದ ಹೊಲಿಗೆ ಮೆಶೀನು, ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಅರ್ಧ ಹೊಲಿದ ಬಟ್ಟೆಗಳು. ಬೀದಿಯವರು ಅವಳನ್ನು ರೇಡಿಯೋ ಎನ್ನುತ್ತಿದ್ದರು. ಬೆಳಗ್ಗೆ ಕಣ್ಣು ಬಿಟ್ಟಾಗ ಶುರುವಾದ ಮಾತು ಮಲಗುವಾಗಲೇ ನಿಲ್ಲುವುದು. ಅಳತೆ ತೆಗೆಯುವಾಗ ಮಾತು, ಕತ್ತರಿಸುವಾಗ ಮಾತು, ಅಂಗಡಿಯಲ್ಲಿ ಯಾರೂ ಇಲ್ಲದಿದ್ದರೆ ಬಟ್ಟೆಯ ಜೊತೆಗೇ ಮಾತು: "ನೋಡು, ತೋಳಿನ ಹತ್ರ ಎಳೀಬೇಡ ಅಂದ್ರೆ ಎಳೀತೀಯಲ್ಲ, ನಿನ್ನ ಸೊಕ್ಕು ಮುರೀತೀನಿ ಇರು." ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೆದಕಿದರೆ, "ನೋಡೋಕೆ ಬಂದವ್ರಿಗೆ 'ಆಗಲಿ' ಅನ್ನೋಕಾದ್ರೂ ನಾನು ಸಂದು ಕೊಡಬೇಕಲ್ಲ!" ಎಂದು ತಾನೇ ಮೊದಲು ನಗುತ್ತಿದ್ದಳು.

ಅಂಥ ಗಂಟಲಿಗೆ ಗಡ್ಡೆ ಬಂತು. ಬೇರೆ ಜಾಗವೇ ಸಿಗಲಿಲ್ಲವೇ ಆ ಹಾಳು ಗಡ್ಡೆಗೆ!

ತಂಗಿ ಕೆಲಸ ಮಾಡುವ ಆಸ್ಪತ್ರೆಯಲ್ಲೇ ತೋರಿಸಿದರು. ಡಾಕ್ಟರು ಸುತ್ತಿಬಳಸಿ ಹೇಳುವ ಜಾತಿಯವರಲ್ಲ. "ಧ್ವನಿಪೆಟ್ಟಿಗೆ ಪೂರ್ತಿ ತೆಗೀಬೇಕಮ್ಮ. ಜೀವಕ್ಕೆ ಮೋಸ ಇಲ್ಲ. ಮಾತು ಮಾತ್ರ ಹೋಗುತ್ತೆ," ಎಂದರು. ಮುಂದಿನ ಸೋಮವಾರಕ್ಕೆ ಆಪರೇಷನ್ ಗೊತ್ತಾಯಿತು. ಮನೆಗೆ ಬರುವಾಗ ಆಟೋದಲ್ಲಿ ಅಕ್ಕ, "ಮಾತು ಮಾತ್ರ ಅಂತೆ ಕಣೇ. ಮಾತ್ರ ಅಂತೆ!" ಎಂದಳು. ಆಮೇಲೆ ಮನೆ ತಲುಪುವವರೆಗೂ ಬಾಯಿ ಬಿಡಲಿಲ್ಲ. ಅವಳು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ತಂಗಿ ನೋಡಿದ್ದು ಅದೇ ಮೊದಲು.

ಆದರೆ ಒಂದು ದಾರಿಯಿತ್ತು. ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಮಾತಿನ ಚಿಕಿತ್ಸೆಯ ವಿಭಾಗವಿದೆ. ಅಲ್ಲಿಯ ಟೀಚರಮ್ಮ ಗಂಟಲು ಕಳೆದುಕೊಳ್ಳಲಿರುವವರನ್ನು ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, ಕಂಪ್ಯೂಟರಿನ ಪರದೆಯ ಮೇಲೆ ಒಂದೊಂದಾಗಿ ಬರುವ ಇನ್ನೂರ ನಲವತ್ತು ವಾಕ್ಯಗಳನ್ನು ಅವರ ದನಿಯಲ್ಲೇ ಹೇಳಿಸುತ್ತಾರೆ. ಅಷ್ಟೂ ಸಿಕ್ಕಿದರೆ ಯಂತ್ರ ಆ ದನಿಯನ್ನು ಕಲಿತುಕೊಳ್ಳುತ್ತದೆ. ಮುಂದೆ ರೋಗಿ ಟ್ಯಾಬಿನಲ್ಲಿ ಏನು ಟೈಪು ಮಾಡಿದರೂ ಅದನ್ನು ಅವರದೇ ದನಿಯಲ್ಲಿ ಓದುತ್ತದೆ. ಫೋನಿನಲ್ಲಿ ಇದ್ದಬದ್ದ ವಿಡಿಯೋ ತುಣುಕುಗಳು ಆಗುವುದಿಲ್ಲವೇ ಎಂದು ತಂಗಿ ಕೇಳಿದಳು. ಅವುಗಳಲ್ಲೆಲ್ಲ ಹಿಂದೆ ಮೆಶೀನಿನ ಸದ್ದು, ಬೀದಿಯ ಗಲಾಟೆ. "ಇದು ಪ್ರಯೋಜನಕ್ಕೆ ಬರಲ್ಲ ಮೇಡಂ, ಚೊಕ್ಕವಾಗಿ ಹೇಳಿಸಿದ್ದೇ ಬೇಕು," ಎಂದರು ಟೀಚರಮ್ಮ.

ಅಕ್ಕನಿಗೆ ಹೋದ ಜೀವ ಬಂದಂತಾಯಿತು. ವಾಕ್ಯಗಳ ಪಟ್ಟಿ ನೋಡಿ ಮೂಗು ಮುರಿದಳು. "'ನನಗೆ ನೀರು ಬೇಕು', 'ಕಿಟಕಿ ಮುಚ್ಚಿ', 'ಇಂದು ಬಿಸಿಲು ಹೆಚ್ಚಾಗಿದೆ'... ಥೂ, ಇದನ್ನ ಬರೆದೋನು ಜೀವಮಾನದಲ್ಲಿ ಯಾರ್ ಹತ್ರಾನೂ ಜಗಳ ಆಡಿಲ್ಲ ಅನ್ಸುತ್ತೆ!" ಎಂದಳು. ಶುರು ಮಾಡಿದ ದಿನವೇ ಇನ್ನೂರ ನಲವತ್ತನ್ನೂ ಹೇಳಿ ಮುಗಿಸಬೇಕು, ಆಗದಿದ್ದರೆ ಮರುದಿನ ಮತ್ತೆ ಮೊದಲಿನಿಂದ; ಅದಕ್ಕೆ ಐದು ದಿನ ಕೈಯಲ್ಲಿದ್ದವು. ಗಂಟಲು ಉಳಿಸಿಕೊಳ್ಳಲು ಮನೆಯಲ್ಲಿ ಮಾತಾಡಬಾರದೆಂದು ಡಾಕ್ಟರ ಕಟ್ಟಪ್ಪಣೆ. ಅಂದರೆ ಆ ವಾರ ಅಕ್ಕನ ಮಾತೆಲ್ಲ ಎರಡನೇ ಮಹಡಿಯ ಆ ಕೋಣೆಗೇ ಮೀಸಲು. ಮನೆಯಲ್ಲಿ ಚೀಟಿ, ಕೈಸನ್ನೆ.

ಸೋಮವಾರ ಅಕ್ಕ ಅರವತ್ತು ವಾಕ್ಯ ಹೇಳಿದಳು. ಹನ್ನೊಂದೂವರೆಗೆ, ಎಲ್ಲ ಕಂಪ್ಯೂಟರುಗಳಿಗೂ ಮೂಲವಾದ ಸರ್ವರು ಬಿತ್ತು, ಕೆಲಸ ನಿಂತಿತು. ಅರವತ್ತೂ ಹೋದವು.

ಸರ್ವರು ಬೀಳುವುದು ಹೊಸದಲ್ಲ. ಎರಡು ತಿಂಗಳಿಂದ ದಿನಕ್ಕೊಂದು ಸಲವಾದರೂ ಬೀಳುತ್ತಿತ್ತು. ಆ ಒಂದೇ ಯಂತ್ರದ ಮೇಲೆ ಮಾತಿನ ವಿಭಾಗ, ಲ್ಯಾಬಿನ ರಿಪೋರ್ಟು, ಔಷಧಿಯ ಪಟ್ಟಿ ಎಲ್ಲ ನಡೆಯುತ್ತಿದ್ದುದರಿಂದ, ಅದು ಬಿದ್ದರೆ ಇಡೀ ಆಸ್ಪತ್ರೆ ಬಾಯಿ ಬಡಿದುಕೊಳ್ಳುತ್ತಿತ್ತು. ರೋಗ ಏನೆಂದು ತಂಗಿಗೆ ಗೊತ್ತಿತ್ತು. ಯಾರಾದರೂ ಪುಟ ತೆರೆದರೆ ಸರ್ವರು ಅವರಿಗೆಂದು ತನ್ನ ಮೆಮೊರಿಯಲ್ಲಿ ಒಂದಿಷ್ಟು ಜಾಗ ಬಿಟ್ಟುಕೊಡುತ್ತದೆ. ಅದಕ್ಕೆ ಸೆಷನ್ ಎನ್ನುತ್ತಾರೆ. ಅಲ್ಲಿ ಇಡಬೇಕಾದ್ದು ಚಿಲ್ಲರೆ ಸಾಮಾನು: ಬಂದವರು ಯಾರು, ಯಾವ ಪುಟದಲ್ಲಿದ್ದಾರೆ, ಅಷ್ಟೇ. ಮಾತಿನ ವಿಭಾಗದ ಪ್ರೋಗ್ರಾಂ ಬರೆದು ಕೆಲಸ ಬಿಟ್ಟುಹೋದ ಪುಣ್ಯಾತ್ಮ ಮಾತ್ರ ರೋಗಿ ಹೇಳಿದ ಅಷ್ಟೂ ವಾಕ್ಯಗಳ ಧ್ವನಿಯನ್ನು ಸೆಷನ್ನಿನಲ್ಲೇ ತುಂಬಿಟ್ಟಿದ್ದ. ಚಪ್ಪಲಿಗೂಡಿನಲ್ಲಿ ಬೀರು ತುರುಕಿದ ಹಾಗೆ. ಕೊನೆಯ ವಾಕ್ಯ ಆಗಿ 'ಮುಗಿಯಿತು' ಒತ್ತಿದಾಗಲೇ ಅದೆಲ್ಲ ಡಿಸ್ಕಿಗೆ ಇಳಿದು ಗಟ್ಟಿಯಾಗಿ ಉಳಿಯುವುದು. ಅಲ್ಲಿಯವರೆಗೆ ಎಲ್ಲ ನೆತ್ತಿಯ ಮೇಲೇ. ಅರ್ಧಕ್ಕೆ ಎದ್ದುಹೋದವರದ್ದೂ ಎರಡು ಗಂಟೆ ಹಾಗೇ ಕೂತಿರುತ್ತಿತ್ತು. ಎಂಟು ಜನ ಒಟ್ಟಿಗೆ ಕೂತರೆ ಯಂತ್ರದ ಉಸಿರು ಕಟ್ಟುತ್ತಿತ್ತು. ಮೆಮೊರಿ ಹೆಚ್ಚು ಹಾಕಿಸಿ ನೋಡಿದಳು. ಅದೂ ವಾರದಲ್ಲಿ ತುಂಬಿತು.

ಸರಿಯಾದ ಮದ್ದು ಯಾವುದೆಂದೂ ಅವಳಿಗೆ ಗೊತ್ತಿತ್ತು. ಹೇಳಿದ ಪ್ರತಿ ವಾಕ್ಯವನ್ನೂ ಆಗಿಂದಾಗ್ಗೆ ಡಿಸ್ಕಿಗೆ ಬರೆಯಬೇಕು, ಸೆಷನ್ನಿನಲ್ಲಿ ಎಷ್ಟನೇ ವಾಕ್ಯ ಎಂಬ ಸಂಖ್ಯೆ ಮಾತ್ರ ಇರಬೇಕು. ಅದಕ್ಕೆ ಹತ್ತು ದಿನವಾದರೂ ಬೇಕು. ಅವತ್ತು ಮಧ್ಯಾಹ್ನವೇ ಆಸ್ಪತ್ರೆಯ ಮೇಲಧಿಕಾರಿ ಕರೆಸಿ, "ಈ ವಾರ ಇನ್ನೊಂದ್ಸಲ ಬಿದ್ರೆ ಹೊರಗಿನ ಕಂಪನಿಯವ್ರಿಗೆ ಕೊಟ್ಬಿಡ್ತೀವಿ. ನೀವು ಬೇರೆ ಕಡೆ ನೋಡ್ಕೋಬಹುದು," ಎಂದರು. ಕೆಲಸದ ಚಿಂತೆ ಇರಲಿಲ್ಲವೆಂದಲ್ಲ. ಆದರೆ ಅವಳ ಹೊಟ್ಟೆ ಉರಿದದ್ದು ಆ ಅರವತ್ತು ವಾಕ್ಯಕ್ಕೆ. ಅಕ್ಕನ ಗಂಟಲಿನಲ್ಲಿ ಉಳಿದಿದ್ದೇ ಒಂದು ವಾರದ ಮಾತು. ಅದರಲ್ಲಿ ಒಂದು ದಿನ ಮಣ್ಣುಪಾಲು.

ಸಂಜೆ ಐದಕ್ಕೆ ಅವಳು ಒಂದೇ ಒಂದು ಸಾಲು ಬದಲಿಸಿದಳು. ಸುಮ್ಮನೆ ಕೂತ ಸೆಷನ್ನನ್ನು ಎರಡು ಗಂಟೆ ಇಟ್ಟುಕೊಳ್ಳುವ ಬದಲು ಬೇಗ ಅಳಿಸಿಬಿಡು ಎಂದು. ಎಷ್ಟು ಬೇಗ? ಅರ್ಧ ಗಂಟೆ ಎಂದು ಬರೆದಳು. ಲೆಕ್ಕ ಹಾಕಿದರೆ ಸಾಲದು. ಇಪ್ಪತ್ತು ಎಂದು ಬರೆದಳು. ಅದೂ ಅನುಮಾನ. ಆಗ ಅವಳಿಗೆ ಅಕ್ಕನ ನೆನಪಾಯಿತು, ನಗು ಬಂತು. ಹತ್ತು ನಿಮಿಷ ಸುಮ್ಮನಿರಲು ನಮ್ಮ ಅಕ್ಕನಿಗೆ ಹುಟ್ಟಿದಾಗಿನಿಂದ ಆಗಿಲ್ಲ ಎಂದುಕೊಂಡು ಹತ್ತು ಎಂದು ಬರೆದಳು.

ಅಯ್ಯೋ ಪುಣ್ಯಾತ್ಗಿತ್ತಿ, ಒಂದು ಮಾತು ಎರಡನೇ ಮಹಡಿಗೆ ಹೋಗಿ ಕೇಳಬಾರದಿತ್ತೇ! ಇಪ್ಪತ್ತು ವಾಕ್ಯಕ್ಕೊಮ್ಮೆ ರೋಗಿ ಹದಿನೈದು ನಿಮಿಷ ಬಾಯಿ ಮುಚ್ಚಿ ಕೂರಬೇಕು, ಬೆಚ್ಚಗಿನ ನೀರು ಗುಟುಕರಿಸಬೇಕು, ಅದು ಟೀಚರಮ್ಮನ ನಿಯಮ. ಆ ಕೋಣೆಯ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದರು. ಕಂಪ್ಯೂಟರ್ ವಿಭಾಗದವರು ಆ ಕೋಣೆಗೆ ಕಾಲಿಟ್ಟು ವರ್ಷವಾಗಿತ್ತು.

ಮಂಗಳವಾರ ಸರ್ವರು ಬೀಳಲಿಲ್ಲ. ಬುಧವಾರವೂ ಇಲ್ಲ. ಮೆಮೊರಿಯ ಗೆರೆ ಪರದೆಯ ತಳದಲ್ಲಿ ನೆಮ್ಮದಿಯಾಗಿ ಮಲಗಿತ್ತು. ಲ್ಯಾಬಿನವರು ಬಂದು, "ಏನ್ ಮಾಟ ಮಾಡಿದ್ರಿ ಮೇಡಂ?" ಎಂದು ಕೇಳಿ ಹೋದರು. ಮೇಲಧಿಕಾರಿ ಎಲ್ಲರ ಎದುರು ಬೆನ್ನು ತಟ್ಟಿದರು. ತಂಗಿ ಮನೆಗೆ ಬಂದು ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತ, "ಅಕ್ಕಾ, ಇನ್ನು ನಿನ್ನ ಮಾತು ಎಲ್ಲೂ ಹೋಗಲ್ಲ ಕಣೇ. ಮೆಶೀನ್ ಬಂಡೆ ಥರ ನಿಂತಿದೆ. ಎಲ್ಲ ನಿನ್ನ ಪುಣ್ಯ," ಎಂದು ಬೀಗಿದಳು. ಇಷ್ಟು ವರ್ಷ ಆ ಮನೆಯಲ್ಲಿ ಮಾತಾಡುವವಳು ಅಕ್ಕ, ಕೇಳುವವಳು ತಂಗಿ. ಆ ವಾರ ತಿರುಗುಮುರುಗು. ಬಾಗಿಲಲ್ಲಿ ನಿಂತ ಅಕ್ಕ ನಕ್ಕು, ಎರಡೂ ಕೈಯಿಂದ ದೃಷ್ಟಿ ತೆಗೆದಳು.

ಅದೇ ಬುಧವಾರ ಬೆಳಗ್ಗೆ ಅವಳ ಮುಂದೆ ನಲವತ್ಮೂರು ದೂರುಗಳಿದ್ದವು. ಪ್ರಿಂಟರಿಗೆ ಕಾಗದ ಸಿಕ್ಕಿಕೊಂಡಿದೆ, ಪಾಸ್‌ವರ್ಡ್ ಮರೆತಿದೆ, ಮೌಸ್ ಓಡುತ್ತಿಲ್ಲ. ನಡುವೆ ಒಂದು: 'ಮಾತಿನ ವಿಭಾಗ, ನಾಲ್ಕನೇ ಕೋಣೆ. ರೋಗಿಗೆ ಪದೇ ಪದೇ ಒಂದನೇ ವಾಕ್ಯದಿಂದಲೇ ಬರುತ್ತಿದೆ. ದಯವಿಟ್ಟು ನೋಡಿ.' ಅವಳು ಓದಿದಳು. ಸುಮ್ಮನೆ ಬಿಟ್ಟುಹೋಗಿರುತ್ತಾರೆ, ಇನ್ನೇನು ಎಂದುಕೊಂಡಳು. ಉತ್ತರ ಬರೆದಳು: 'ಹತ್ತು ನಿಮಿಷಕ್ಕಿಂತ ಹೆಚ್ಚು ಸುಮ್ಮನೆ ಕೂರುವಂತಿಲ್ಲ. ಬೇಗ ಬೇಗ ಹೇಳಿ ಮುಗಿಸಲು ರೋಗಿಗೆ ತಿಳಿಸಿ.' ದೂರು ಮುಗಿಯಿತು ಎಂಬ ಗುಂಡಿ ಒತ್ತಿ ಮುಂದಿನದಕ್ಕೆ ಹೋದಳು. ಪ್ರಿಂಟರಿನ ಕಾಗದ ಬಿಡಿಸಲು ಎದ್ದು ಹೋದವಳು, ಈ ದೂರಿಗೆ ಕುರ್ಚಿ ಬಿಟ್ಟು ಏಳಲಿಲ್ಲ.

ಶುಕ್ರವಾರ ಸಂಜೆ ಅಕ್ಕ ಮನೆಗೆ ಬಂದಾಗ ಮುಖ ಬಾಡಿತ್ತು. "ಮುಗೀತಾ?" ಎಂದು ತಂಗಿ ಕೇಳಿದಳು. ಅಕ್ಕ ಹೌದೆಂದು ತಲೆಯಾಡಿಸಿದಳು. ಸೋಮವಾರ ಆಪರೇಷನ್ ಆಯಿತು. ಜೀವಕ್ಕೆ ಮೋಸವಾಗಲಿಲ್ಲ.

ಹನ್ನೊಂದನೇ ದಿನ ಅಕ್ಕನಿಗೆ ಟ್ಯಾಬು ಕೊಡುವುದಿತ್ತು. ತಂಗಿ ತಾನೇ ಎರಡನೇ ಮಹಡಿಗೆ ಹೋದಳು. ಹೊಸ ಟ್ಯಾಬಿಗೆ ಕವರು ಬೇರೆ ಹಾಕಿಸಿಕೊಂಡು ಬಂದಿದ್ದಳು. ಟೀಚರಮ್ಮ ಕಡತ ತೆರೆದರು. ಏನೂ ಇರಲಿಲ್ಲ. ಇನ್ನೊಮ್ಮೆ ಹುಡುಕಿದರು. ಖಾಲಿ.

"ಆ ಶುಕ್ರವಾರ ನಾನೇ ಬಂದು ನೋಡ್ದೆ ಮೇಡಂ, ಆಯ್ತು ಅಂತ ಹೆಬ್ಬೆರಳು ತೋರಿಸಿದ್ರು. ಪರದೆ ಮೇಲೂ ಲಾಗಿನ್ ಪುಟ ಬಂದಿತ್ತು," ಎಂದರು ಟೀಚರಮ್ಮ.

ಕೆಲಸ ಪೂರ್ತಿಯಾದಾಗಲೂ ಲಾಗಿನ್ ಪುಟ ಬರುತ್ತದೆ. ಸೆಷನ್ ಸತ್ತಾಗಲೂ ಅದೇ ಪುಟ ಬರುತ್ತದೆ. ಎರಡೂ ಒಂದೇ ಥರ ಕಾಣುತ್ತವೆ. ಅದನ್ನು ಅವಳು ಯಾವತ್ತೋ ಗಮನಿಸಿ, ಆಮೇಲೆ ಸರಿ ಮಾಡೋಣ ಎಂದು ಬಿಟ್ಟಿದ್ದಳು.

ಕೆಳಗೆ ತನ್ನ ಕುರ್ಚಿಗೆ ಬಂದು ಆ ವಾರದ ಲಾಗ್ ತೆಗೆದಳು. ಯಾರು ಯಾವಾಗ ಬಂದರು, ಯಾವಾಗ ಹೋದರು ಎಂದು ಸರ್ವರು ತಾನೇ ಬರೆದಿಡುವ ದಾಖಲೆ ಅದು. ಅಕ್ಕನ ಕಾರ್ಡಿನ ಸಂಖ್ಯೆ ಹಾಕಿ ಹುಡುಕಿದಳು. ಮಂಗಳವಾರ: ಇಪ್ಪತ್ತು ವಾಕ್ಯ, ಹತ್ತು ನಿಮಿಷ ಮೌನ, ಅಳಿಸಲಾಗಿದೆ. ಮತ್ತೆ ಇಪ್ಪತ್ತು, ಅಳಿಸಲಾಗಿದೆ. ಮತ್ತೆ ಇಪ್ಪತ್ತು. ಐದು ಸಲ. ಬುಧವಾರ ಮೂರು ಸಲ. ಗುರುವಾರ ವಿಶ್ರಾಂತಿಯೇ ಇಲ್ಲ, ನೂರ ಮೂವತ್ತೊಂದರವರೆಗೆ ಒಂದೇ ಓಟ. ಆಮೇಲೆ ಹತ್ತು ನಿಮಿಷ ಮೌನ. ಅಳಿಸಲಾಗಿದೆ. ಶುಕ್ರವಾರ ಇನ್ನೂರ ಹನ್ನೆರಡು. ಹತ್ತು ನಿಮಿಷ ಮೌನ. ಅಳಿಸಲಾಗಿದೆ. ಅಲ್ಲಿಂದ ಮುಂದೆ ಆ ಸಂಖ್ಯೆ ಎಲ್ಲೂ ಇಲ್ಲ.

ನಾಲ್ಕನೇ ಕೋಣೆಯ ದೂರನ್ನು ತೆಗೆದು ಓದಿದಳು. ಕೆಳಗೆ ತನ್ನದೇ ಉತ್ತರ ಓದಿದಳು. ಬೇಗ ಬೇಗ ಹೇಳಿ ಮುಗಿಸಲು ರೋಗಿಗೆ ತಿಳಿಸಿ. ಪಕ್ಕದಲ್ಲಿ ಫೋನ್ ಹೊಡೆದುಕೊಳ್ಳುತ್ತಿತ್ತು, ಅವಳು ಎತ್ತಲಿಲ್ಲ.

ಮತ್ತೆ ಮೇಲೆ ಹತ್ತಿ ಹೋಗಿ ಟೀಚರಮ್ಮನನ್ನು ಕೇಳಿದಳು. "ನಿಮ್ಮ ಉತ್ತರ ಬಂತಲ್ಲ ಮೇಡಂ, ಅದನ್ನೇ ಅವ್ರಿಗೆ ಓದಿ ಹೇಳ್ದೆ," ಎಂದರು ಅವರು. "ಗಂಟಲಿಗೆ ಇದು ಒಳ್ಳೇದಲ್ಲ, ಇನ್ನೊಂದ್ಸಲ ದೂರು ಹಾಕ್ತೀನಿ ಅಂದೆ. ಬೇಡ ಅಂದ್ರು. 'ಕಂಪ್ಯೂಟರಲ್ಲಿರೋದು ನನ್ನ ತಂಗಿ. ಅವಳು ಹೇಳಿದ್ರೆ ಸರಿಯಾಗೇ ಇರುತ್ತೆ. ಮಾತಾಡೋದ್ರಲ್ಲಿ ನನ್ನ ಮೀರಿಸೋರು ಯಾರಿದಾರೆ, ನೋಡ್ತಿರಿ' ಅಂದ್ರು." ಹೇಳುತ್ತ ಹೇಳುತ್ತ ಟೀಚರಮ್ಮನಿಗೂ ವಿಷಯ ಹೊಳೆಯಿತು. ಅವರು ಅವಳ ಕೈ ಹಿಡಿದುಕೊಂಡರು.

ವಾರ್ಡಿನಲ್ಲಿ ಅಕ್ಕ ದಿಂಬಿಗೆ ಒರಗಿ ಕೂತಿದ್ದಳು. ಕತ್ತಿಗೆ ಬ್ಯಾಂಡೇಜು, ನಡುವೆ ಉಸಿರಾಡಲು ಸಣ್ಣ ಕೊಳವೆ. ತಂಗಿ ಎಲ್ಲ ಹೇಳಿದಳು, ಒಂದನ್ನೂ ಮುಚ್ಚಿಡಲಿಲ್ಲ. "ನಾನೇ ಅಕ್ಕಾ. ನಾನೇ ಅಳಿಸಿದ್ದು. ಹತ್ತು ನಿಮಿಷ ಅಂತ ಹಾಕಿದ್ದೇ ನಿನ್ನ ನೆನೆಸ್ಕೊಂಡು. ನೀನು ಸುಮ್ನಿರಲ್ಲ ಅಂತ..." ಎಂದು ಮಂಚದ ಅಂಚಿಗೆ ಹಣೆ ಚಚ್ಚಿಕೊಂಡಳು.

ಅಕ್ಕ ಏನೋ ಹೇಳಿದಳು. ತುಟಿ ಮಾತ್ರ ಆಡಿತು. ತಂಗಿ ಆ ತುಟಿಗಳನ್ನೇ ನೋಡಿದಳು, ಒಂದಕ್ಷರವೂ ತಿಳಿಯಲಿಲ್ಲ. ತಿಳಿಯುವುದಾದರೂ ಹೇಗೆ? ಇವಳು ಜೀವಮಾನವಿಡೀ ಅಕ್ಕನ ಮಾತನ್ನು ಬೆನ್ನು ಹಾಕಿಕೊಂಡೇ ಕೇಳಿದವಳು. ಪಾತ್ರೆ ತೊಳೆಯುತ್ತ, ಪುಸ್ತಕ ಓದುತ್ತ, ಫೋನ್ ನೋಡುತ್ತ ಹೂಂಗುಟ್ಟಿದವಳು. ಆ ಬಾಯನ್ನು ಕಣ್ಣಿಟ್ಟು ನೋಡುವ ಅಗತ್ಯ ಅವಳಿಗೆ ಯಾವತ್ತೂ ಬಿದ್ದಿರಲಿಲ್ಲ.

ಅಕ್ಕ ಚೀಟಿ ಎಳೆದುಕೊಂಡು ಬರೆದಳು. 'ಗೊತ್ತಿತ್ತು. ಶುಕ್ರವಾರ ಪುಟ ಹೋದಾಗ್ಲೇ ಗೊತ್ತಾಯ್ತು. ಅಷ್ಟೊತ್ತಿಗೆ ದನಿ ಪೂರ್ತಿ ಬಿದ್ದುಹೋಗಿತ್ತು, ಒಂದನೇ ವಾಕ್ಯವೂ ಹೊರಡ್ಲಿಲ್ಲ.'

"ಹೇಳ್ಬಾರ್ದಿತ್ತೇನೇ! ಮಂಗಳವಾರಾನೇ ಒಂದು ಚೀಟಿ ಬರೆದಿದ್ರೆ ಸಾಕಿತ್ತಲ್ಲೇ! ಒಂದು ಚೀಟಿ!"

ಅಕ್ಕ ಚೀಟಿಯನ್ನು ಮಗುಚಿದಳು. ಆಮೇಲೆ ಬರೆದಳು. 'ನಿನ್ನ ಮೆಶೀನ್ ನಿಂತಿತ್ತು. ಎಲ್ಲರೂ ಹೊಗಳಿದ್ರು ಅಂದೆ. ಇನ್ನೊಂದ್ಸಲ ಬಿದ್ರೆ ಕೆಲಸ ಹೋಗುತ್ತೆ ಅಂತ ಸೋಮವಾರ ನೀನು ಅತ್ತಿದ್ದೆ. ನಾನು ಬಾಯಿ ಬಿಟ್ಟು ಅದನ್ನ ಕೆಡಿಸ್ಲಾ?'

ತಂಗಿ ಆ ಚೀಟಿಯನ್ನು ಓದಿ ಅಕ್ಕನ ಮಡಿಲಲ್ಲಿ ಮುಖ ಹುದುಗಿಸಿ ಅತ್ತಳು. ಅಕ್ಕ ಅವಳ ತಲೆ ನೇವರಿಸಿದಳು. ಹಾಗೆ ನೇವರಿಸುವಾಗ ಅಕ್ಕ ಯಾವಾಗಲೂ ಏನಾದರೂ ಗೊಣಗುತ್ತಿದ್ದಳು, ಬೈಯುತ್ತಿದ್ದಳು, ಹೇನು ಹುಡುಕುತ್ತಿದ್ದೇನೆ ಎನ್ನುತ್ತಿದ್ದಳು. ಈಗ ಕೊಳವೆಯಿಂದ ಗಾಳಿ ಹೋಗಿಬರುವ ಸದ್ದು ಬಿಟ್ಟರೆ ಇನ್ನೇನೂ ಇಲ್ಲ.

ತಂಗಿ ಮೇಲಧಿಕಾರಿಯ ಕೋಣೆಗೆ ಹೋಗಿ ನಡೆದದ್ದನ್ನೆಲ್ಲ ಬರೆದುಕೊಟ್ಟಳು. ಮೇಲಧಿಕಾರಿ ಕೆಲಸದಿಂದ ತೆಗೆಯಲಿಲ್ಲ, ಸರ್ವರು ಬಿದ್ದಿರಲಿಲ್ಲವಲ್ಲ. ಹತ್ತು ದಿನದ ಕೆಲಸವನ್ನು ಆರು ದಿನಕ್ಕೆ ಮುಗಿಸಿದಳು. ಈಗ ಆ ಕೋಣೆಯಲ್ಲಿ ಬಾಯಿಂದ ಬಿದ್ದ ವಾಕ್ಯ ಬಿದ್ದ ಹಾಗೇ ಡಿಸ್ಕಿಗೆ ಹೋಗುತ್ತದೆ. ಒಬ್ಬರು ಮುದುಕರು ವಾಕ್ಯಕ್ಕೊಂದು ತೂಕಡಿಕೆ ತೆಗೆಯುತ್ತ ಹದಿನಾರು ದಿನ ಕೂತು ಇನ್ನೂರ ನಲವತ್ತನ್ನೂ ಮುಗಿಸಿದರು. ಟೀಚರಮ್ಮ ಅವರ ಟ್ಯಾಬಿನ ದನಿ ಕೇಳಿಸಲು ಇವಳನ್ನು ಕರೆದರು. ಅವಳು ಬಾಗಿಲವರೆಗೆ ಹೋಗಿ, ಒಳಗೆ ಕಾಲಿಡಲಾಗದೆ ವಾಪಸು ಬಂದಳು. ಆಸ್ಪತ್ರೆಯಲ್ಲಿ ಈಗ ಅವಳನ್ನು ಯಾರೂ ರೀಸ್ಟಾರ್ಟಮ್ಮ ಎನ್ನುವುದಿಲ್ಲ. ವಿಷಯ ಎಲ್ಲರಿಗೂ ಗೊತ್ತಾಗಿದೆ.

ಅಕ್ಕನ ಟ್ಯಾಬಿಗೆ ಕಂಪನಿಯವರದೇ ಒಂದು ದನಿ ಹಾಕಿಕೊಟ್ಟರು. ಯಾರೋ ಹೆಂಗಸು. ಎಲ್ಲ ಅಕ್ಷರವನ್ನೂ ಒಪ್ಪವಾಗಿ, ವಾರ್ತೆ ಓದುವವರ ಹಾಗೆ ಹೇಳುತ್ತಾಳೆ. ಗಿರಾಕಿಗಳು ಮೊದಮೊದಲು ಗಾಬರಿಯಾದರು, ಆಮೇಲೆ ಒಗ್ಗಿಕೊಂಡರು. ಅಕ್ಕ ಹೊಲಿಯುತ್ತಾಳೆ. ಬಟ್ಟೆಯ ಜೊತೆ ಮಾತಾಡಲು ಯಾರು ಟೈಪು ಮಾಡುತ್ತಾ ಕೂರುತ್ತಾರೆ? ಆ ಮಾತುಗಳೆಲ್ಲ ನಿಂತೇಹೋದವು.

ಒಂದು ಭಾನುವಾರ ಬೆಳಗ್ಗೆ ತಂಗಿ ಒಲೆಯ ಮೇಲೆ ಹಾಲಿಟ್ಟು ಕಿಟಕಿಯಾಚೆ ನೋಡುತ್ತ ನಿಂತಿದ್ದಳು. ಹಿಂದಿನಿಂದ ಆ ಹೆಂಗಸು, "ಹಾಲು ಉಕ್ಕುತ್ತಿದೆ," ಎಂದಳು. ತಂಗಿ ಒಲೆ ಆರಿಸಿದಳು. ಅಕ್ಕ ಇದನ್ನೇ ಹೇಗೆ ಹೇಳುತ್ತಿದ್ದಳು? ಮನಸ್ಸಿನಲ್ಲೇ ಹೇಳಿಸಿ ನೋಡಿದಳು. ಪದಗಳು ಬಂದವು, ಬೈಗುಳವೂ ಬಂತು. ದನಿ ಬರಲಿಲ್ಲ. ಕಣ್ಣು ಮುಚ್ಚಿ ಇನ್ನೊಂದು ಸಲ ಪ್ರಯತ್ನಪಟ್ಟಳು. ಬರಲೇ ಇಲ್ಲ. ಒಂದು ವರ್ಷವೂ ಆಗಿರಲಿಲ್ಲ. ಫೋನಿನ ವಿಡಿಯೋ ಹಾಕಿ ಕೇಳಿದರೆ ಮೆಶೀನಿನ ಸದ್ದಿನ ಹಿಂದೆ ಯಾರೋ ಮಾತಾಡುತ್ತಿದ್ದ ಹಾಗಿತ್ತು.

ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಅಕ್ಕ ಹತ್ತಿರ ಬಂದು ಏನಾಯಿತೆಂದು ಕೈಯಾಡಿಸಿ ಕೇಳಿದಳು. ಸುಳ್ಳು ಹೇಳಬೇಕೆಂದುಕೊಂಡರೂ ತಂಗಿಯ ಬಾಯಿಂದ ನಿಜವೇ ಬಂತು: "ಅಕ್ಕಾ, ನಿನ್ನ ದನಿ ಹೇಗಿತ್ತು ಅಂತ ನಂಗೆ ಮರ್ತೋಗ್ತಿದೆ ಕಣೇ."

ಅಕ್ಕ ಅವಳ ಪಕ್ಕದಲ್ಲೇ ಕೂತಳು. ಟ್ಯಾಬನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಅಕ್ಷರ ಒತ್ತಿದಳು. ಅಳಿಸಿದಳು. ಮತ್ತೆ ಒತ್ತಿದಳು. ಆ ಹೆಂಗಸು ಒಪ್ಪವಾಗಿ, ಒಂದಕ್ಷರವೂ ತಪ್ಪದಂತೆ ಓದಿದಳು.

"ನಂಗೂ ಕಣೇ."